ಇನ್ನೂ ಸ್ವಲ್ಪ ಇಳಿದು ನೋಡೋಣ

ವಿರಾಜಪೇಟೆಯಲ್ಲಿ ಮಾಜಿ ಸೈನಿಕರು, ಬೆಳೆಗಾರರು, ಕಾಲೇಜು ಮಕ್ಕಳು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬರೆದುಕೊಡಿ ಎಂದು ಕೆಲವರು ಕೇಳಿದರು. ತಡವರಿಸಿದ ಕಡೆ ತಿದ್ದಿದ್ದೇನೆ, ಉಳಿದದ್ದು ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಮಡಿಕೇರಿಯಿಂದ ಹೊರಟಾಗ ಜೀಪಿನ ಬಾನೆಟ್ ಆಚೆ ಏನೂ ಕಾಣುತ್ತಿರಲಿಲ್ಲ. ಮೇಕೇರಿ ದಾಟುವವರೆಗೂ ಎರಡನೇ ಗೇರು. ರಸ್ತೆ ಅಂಚಿನ ಬಿಳಿ ಗೆರೆ ನೋಡಿಕೊಂಡು, ಎದುರು ಬರುವ ಬಸ್ಸಿನ ಹಾರ್ನ್ ಕೇಳಿಸಲಿ ಎಂದು ಗ್ಲಾಸ್ ಇಳಿಸಿಕೊಂಡು ಬಂದೆ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಇದೆಲ್ಲ ನಮಗೆ ಮಾಮೂಲು. ತೀರಾ ಆಗಲಿಲ್ಲ ಅಂದರೆ ಗಾಡಿ ಪಕ್ಕಕ್ಕೆ ಹಾಕಿ, ಒಂದು ಕಾಫಿ ಕುಡಿದು, ಮಂಜು ಸರಿದ ಮೇಲೆ ಹೊರಡುತ್ತೇವೆ.

ಇವತ್ತು ನಾನು ಮಾತಾಡುವುದು ಪಕ್ಕಕ್ಕೆ ಹಾಕಲಾಗದ ಗಾಡಿಯ ಬಗ್ಗೆ. ನಾಲ್ಕು ಸೀಟಿನ ಸೆಸ್ನಾ 172 ಎಂಬ ಪುಟ್ಟ ವಿಮಾನವಿದೆ. ಇಳಿಯುವಾಗ ಅದರ ವೇಗ ಗಂಟೆಗೆ ಸುಮಾರು 120 ಕಿಲೋಮೀಟರ್. ಅದಕ್ಕಿಂತ ತುಂಬಾ ನಿಧಾನ ಮಾಡಿದರೆ ರೆಕ್ಕೆ ಗಾಳಿಯನ್ನು ಹಿಡಿಯುವುದಿಲ್ಲ, ವಿಮಾನ ಬೀಳುತ್ತದೆ. ಎದುರು 550 ಮೀಟರ್ ಕಾಣುತ್ತಿದೆ ಅಂದುಕೊಳ್ಳಿ. ಮಡಿಕೇರಿ ಮಂಜಿಗೆ ಹೋಲಿಸಿದರೆ ಅದು ಚೆನ್ನಾಗಿ ಕಾಣುವ ದಿನವೇ. ಆದರೆ ಈ ವೇಗದಲ್ಲಿ 550 ಮೀಟರ್ ಅಂದರೆ ಹದಿನಾರು ಸೆಕೆಂಡ್. ಸಣ್ಣ ಜೆಟ್ ಆದರೆ ಒಂಬತ್ತು ಸೆಕೆಂಡೂ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಪೈಲಟ್ ಅಲ್ಲ. ವಾಯುಪಡೆಯಲ್ಲಿ, ವಿಮಾನಗಳ ಜೊತೆ ರೇಡಿಯೋದಲ್ಲಿ ಮಾತಾಡುವ ಟವರಿನಲ್ಲಿ ಕೂರುತ್ತಿದ್ದವನು. ಹಾರುವವರ ದನಿ ಕಿವಿಗೆ ಬೀಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ದನಿ ಕೇಳಿಯೇ ಆ ಮನುಷ್ಯ ನಿರಾಳವಾಗಿದ್ದಾನೋ ಬೆವರುತ್ತಿದ್ದಾನೋ ಹೇಳುವುದು ಕೆಲವು ವರ್ಷದಲ್ಲಿ ಅಭ್ಯಾಸವಾಗುತ್ತದೆ.

ಕೊಡಗಿನಲ್ಲಿ ವಿಮಾನ ನಿಲ್ದಾಣವೇ ಇಲ್ಲ, ಇದೆಲ್ಲ ಯಾಕೆ ಅಂತ ಕೇಳಬಹುದು. ಇಲ್ಲ, ಸರಿ. ಆದರೆ 2018ರ ಡಿಸೆಂಬರ್‌ನಿಂದ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ನಿಲ್ದಾಣವಿದೆ. ಆಚೆ ಮಂಗಳೂರು, ಈಚೆ ಮೈಸೂರು. ಕೂಡಿಗೆಯಲ್ಲಿ ಕಿರು ನಿಲ್ದಾಣ ಆಗುತ್ತದೆ ಎಂಬ ಮಾತು ಆಗಾಗ ಎದ್ದು ಆಗಾಗ ಮಲಗುತ್ತದೆ. ಬಾಡಿಗೆಗೆ ಹೆಲಿಕಾಪ್ಟರ್ ತರಿಸಿ ಮದುವೆಗೆ ಬರುವವರೂ ಇದ್ದಾರೆ. ಇಲ್ಲಿ ಕೂತ ಮಕ್ಕಳಲ್ಲಿ ಯಾರೋ ಒಬ್ಬರು ನಾಳೆ ಪೈಲಟ್ ಆಗಬಹುದು. ಅದಕ್ಕಿಂತ ಜಾಸ್ತಿ ಜನ ಪೈಲಟ್ಟಿನ ಹಿಂದಿನ ಸೀಟಿನಲ್ಲಿ ಕೂರಬಹುದು. ನನ್ನ ಮಾತು ಮುಖ್ಯವಾಗಿ ಆ ಹಿಂದಿನ ಸೀಟಿನವರಿಗೆ.

ಇಳಿಯುವುದು ಅಂದರೆ ಏನು ಅಂತ ಸ್ವಲ್ಪ ಹೇಳುತ್ತೇನೆ. ವಿಮಾನ ರನ್‌ವೇ ಕಡೆಗೆ ಮೂರು ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಪೈಲಟ್‌ಗಳ ಲೆಕ್ಕದಲ್ಲಿ ಒಂದು ನಾಟಿಕಲ್ ಮೈಲಿಗೆ, ಅಂದರೆ 1,852 ಮೀಟರಿಗೆ, ಸುಮಾರು 300 ಅಡಿ ಇಳಿತ. ನಮ್ಮ ಘಾಟಿ ರಸ್ತೆಗಿಂತ ಬಹಳ ನಯವಾದ ಇಳಿಜಾರು. ದೊಡ್ಡ ನಿಲ್ದಾಣಗಳಲ್ಲಿ ಈ ಇಳಿಜಾರನ್ನು ರೇಡಿಯೋ ಕಿರಣದಿಂದ ತೋರಿಸುವ ಐಎಲ್‌ಎಸ್ ಎಂಬ ಉಪಕರಣ ಇರುತ್ತದೆ. ಮೋಡದೊಳಗೆ ಏನೂ ಕಾಣದಿದ್ದರೂ ಮೀಟರಿನ ಮುಳ್ಳು ನೋಡಿಕೊಂಡು ಇಳಿಯಬಹುದು. ಆದರೆ ಎಲ್ಲಿಯವರೆಗೆ? ಸಾಮಾನ್ಯ ಐಎಲ್‌ಎಸ್‌ನಲ್ಲಿ ನೆಲದಿಂದ 200 ಅಡಿ ಎತ್ತರದವರೆಗೆ. ಅಬ್ಬಿ ಜಲಪಾತವನ್ನು ಮೂರು ಸಲ ಒಂದರ ಮೇಲೊಂದು ಇಟ್ಟರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಅಲ್ಲಿಗೆ ಬಂದಾಗ ರನ್‌ವೇನೋ ಅದರ ದೀಪಗಳೋ ಕಣ್ಣಿಗೆ ಬೀಳಬೇಕು. ಬೀಳಲಿಲ್ಲವೋ, ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಮೇಲಕ್ಕೆ ಏರಬೇಕು. ಇದಕ್ಕೆ ಗೋ ಅರೌಂಡ್ ಎನ್ನುತ್ತಾರೆ. ಯೋಚನೆ ಮಾಡಲು ಅಲ್ಲಿ ಸಮಯವಿಲ್ಲ. ಸಣ್ಣ ಜೆಟ್‌ನಲ್ಲಿ 200 ಅಡಿಯಿಂದ ನೆಲಕ್ಕೆ ಇಪ್ಪತ್ತು ಸೆಕೆಂಡೂ ಇರುವುದಿಲ್ಲ.

ಸಣ್ಣ ಊರುಗಳ ಏರ್‌ಸ್ಟ್ರಿಪ್‌ಗಳಲ್ಲಿ ಐಎಲ್‌ಎಸ್ ಇರುವುದಿಲ್ಲ. ಅಲ್ಲಿ ಇಳಿಜಾರು ತೋರಿಸುವವರು ಯಾರೂ ಇಲ್ಲ. ಇಷ್ಟು ಎತ್ತರಕ್ಕಿಂತ ಕೆಳಗೆ ಬರಬೇಡ ಎಂಬ ಒಂದು ಅಂಕಿ ಮಾತ್ರ ಇರುತ್ತದೆ, ಅದೂ ಸಾಮಾನ್ಯವಾಗಿ 200 ಅಡಿಗಿಂತ ಮೇಲೆ. ಕೆಲವು ಕಡೆ ಅದೂ ಇಲ್ಲ, ಕಣ್ಣಿಗೆ ಕಂಡರೆ ಮಾತ್ರ ಇಳಿಯಬೇಕು. ಕಣ್ಣಿನಿಂದ ನೋಡಿ ಹಾರುವುದಕ್ಕೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ 5 ಕಿಲೋಮೀಟರ್ ಕಾಣಬೇಕು. ಸೂರ್ಯ ಮುಳುಗಿ 20 ನಿಮಿಷದ ಮೇಲೆ ಹಾಗೆ ಹಾರುವಂತೆಯೇ ಇಲ್ಲ.

ಈ ಅಂಕಿಗಳ ಹತ್ತಿರವೇ ಜನ ಸಾಯುವುದು. ಮಂಜು ಹೊಸದಲ್ಲ, ಅಂಕಿಯೂ ಎಲ್ಲರಿಗೂ ಗೊತ್ತು. ಅಂಕಿ ತಲುಪಿದಾಗ ಬಾಯಿಗೆ ಒಂದು ಮಾತು ಬರುತ್ತದೆ ನೋಡಿ, "ಇನ್ನೂ ಸ್ವಲ್ಪ ಇಳಿದು ನೋಡೋಣ" ಅಂತ.

2001ರ ಮಾರ್ಚ್ 29. ಅಮೆರಿಕದ ಆಸ್ಪೆನ್ ಎಂಬ ಗುಡ್ಡಗಾಡು ಊರು. ಶ್ರೀಮಂತರು ಹಿಮದಲ್ಲಿ ಆಡಲು ಹೋಗುವ ಜಾಗ. ಒಂದು ಗುಂಪು ಲಾಸ್ ಏಂಜಲೀಸ್‌ನಲ್ಲಿ ಗಲ್ಫ್‌ಸ್ಟ್ರೀಮ್ ಜೆಟ್ ಬಾಡಿಗೆಗೆ ಹಿಡಿಯಿತು. ಪ್ರಯಾಣಿಕರು ಬರುವುದೇ ತಡವಾಯಿತು. ಕತ್ತಲಾದ ಮೇಲೆ ಆ ವಿಮಾನ ಅಲ್ಲಿ ಇಳಿಯುವಂತಿಲ್ಲ ಎಂಬ ನಿಯಮ ಬೇರೆ. ಬೇರೆ ಕಡೆ ಇಳಿಸಬೇಕಾಗಬಹುದು ಎಂಬ ಸುದ್ದಿ ಕೇಳಿ ಬಾಡಿಗೆಗೆ ಹಿಡಿದವರು ಸಿಟ್ಟಾದರು. ಆ ಸಿಟ್ಟು ಕಂಪನಿ ಮೂಲಕ ಪೈಲಟ್ಟಿಗೂ ತಲುಪಿತು. ಆಸ್ಪೆನ್‌ನಲ್ಲಿ ಹಿಮ ಬೀಳುತ್ತಿತ್ತು. ಇವರ ಮುಂದೆ ಬಂದ ವಿಮಾನಗಳು ರನ್‌ವೇ ಕಾಣದೆ ವಾಪಸ್ ಏರಿದ್ದವು. ಅದು ಇವರಿಗೂ ಗೊತ್ತು. ಕಾಕ್‌ಪಿಟ್‌ನಲ್ಲಿ ಪೈಲಟ್‌ಗಳ ಹಿಂದಿನ ಸೀಟಿನಲ್ಲಿ ಒಬ್ಬ ಪ್ರಯಾಣಿಕ ಬಂದು ಕೂತಿದ್ದ. ರನ್‌ವೇ ಕಾಣದಿದ್ದರೂ ವಿಮಾನ ಆ ಅಂಕಿಗಿಂತ ಕೆಳಗೆ ಇಳಿಯಿತು. ರನ್‌ವೇಗೆ ಸ್ವಲ್ಪ ಮೊದಲೇ ಇಳಿಜಾರಿಗೆ ಬಡಿಯಿತು. ಹದಿನೆಂಟು ಜನ, ಒಬ್ಬರೂ ಉಳಿಯಲಿಲ್ಲ.

ತನಿಖೆ ಮಾಡಿದವರು ಪೈಲಟ್‌ಗಳ ತಪ್ಪನ್ನು ಬರೆದರು, ಅದು ಸರಿ. ಆದರೆ ಅದರ ಕೆಳಗೇ ಬಾಡಿಗೆಗೆ ಹಿಡಿದವರ ಒತ್ತಡವನ್ನೂ ಒಂದು ಕಾರಣವಾಗಿ ಬರೆದರು. ದುಡ್ಡು ಕೊಟ್ಟವನ ಸಿಟ್ಟು ಅಪಘಾತದ ಕಾರಣಗಳ ಪಟ್ಟಿಗೆ ಸೇರಿತು. ಇದನ್ನು ಓದಿದ ದಿನದಿಂದ ನನಗೆ ಹಿಂದಿನ ಸೀಟಿನ ಮೇಲೆ ಕಣ್ಣು.

ಯಾಕೆಂದರೆ ದೊಡ್ಡ ಕಂಪನಿಯ ವಿಮಾನದಲ್ಲಿ ನೀವು ಎಷ್ಟೇ ಕೂಗಾಡಿದರೂ ಅದು ಪೈಲಟ್ಟಿನ ಕಿವಿಗೆ ಬೀಳುವುದಿಲ್ಲ. ನಡುವೆ ಗಟ್ಟಿ ಬಾಗಿಲಿದೆ, ಕಚೇರಿ ಇದೆ, ನಿಯಮದ ಪುಸ್ತಕ ಇದೆ. ಖಾಸಗಿ ವಿಮಾನದಲ್ಲಿ ಸಾಹುಕಾರರೇ ಹಿಂದೆ ಕೂತಿರುತ್ತಾರೆ. ಸಂಬಳ ಕೊಡುವವರೂ ಅವರೇ. ಎಷ್ಟೋ ಸಲ ವಿಮಾನದ ಒಡೆಯರೇ ಪೈಲಟ್ಟು, ಹೆಂಡತಿ ಮಕ್ಕಳೇ ಪ್ರಯಾಣಿಕರು. ಬೇಡ ಅನ್ನುವವರು ಅಲ್ಲಿ ಯಾರಿದ್ದಾರೆ?

ನನ್ನದೇ ಒಂದು ಅನುಭವ ಹೇಳುತ್ತೇನೆ. ಊರು, ಹೆಸರು ಬೇಡ. ಮಳೆಗಾಲದ ಸಂಜೆ, ಎರಡು ಎಂಜಿನ್ನಿನ ಪುಟ್ಟ ಖಾಸಗಿ ವಿಮಾನ ಬಂತು. ಮೋಡ ತೀರಾ ಕೆಳಗಿತ್ತು. ಹವಾಮಾನ ಮಿತಿಗಿಂತ ಕೆಳಗಿದೆ ಎಂದು ಹೇಳಿದೆ. ಟವರಿನವರು ಹೇಳಬಹುದು ಅಷ್ಟೇ, ಸ್ಟೀರಿಂಗ್ ನಮ್ಮ ಕೈಯಲ್ಲಿ ಇಲ್ಲ. ಒಂದು ಸಲ ಬಂದು ವಾಪಸ್ ಏರಿದರು. ಎರಡನೇ ಸಲವೂ ಹಾಗೇ. ಆಗ ರೇಡಿಯೋದಲ್ಲಿ, "ಇನ್ನೊಂದು ಸಲ ನೋಡ್ತೀವಿ, ಸಾಹೇಬರು ಕೇಳ್ತಿದ್ದಾರೆ" ಅಂದರು. ಆ ದನಿ ಈಗಲೂ ನನ್ನ ಕಿವಿಯಲ್ಲಿದೆ. ಕೈ ಸನ್ನೆ ಮಾಡಿ ಅಗ್ನಿಶಾಮಕ ಗಾಡಿಯನ್ನು ಹೊರಗೆ ತರಿಸಿದೆ. ನನ್ನ ಪಕ್ಕದಲ್ಲಿದ್ದ ಹುಡುಗ ಕುಡಿಯುತ್ತಿದ್ದ ಚಹಾ ಹಾಗೇ ಇಟ್ಟ.

ಮೂರನೇ ಸಲ ಇಳಿದುಬಿಟ್ಟರು. ಏನೂ ಆಗಲಿಲ್ಲ. ಮರುದಿನ ಟವರಿಗೆ ಒಂದು ಡಬ್ಬ ಮೈಸೂರು ಪಾಕ್ ಬಂತು. ಎಲ್ಲರೂ ತಿಂದರು. ನನ್ನ ಗಂಟಲಲ್ಲಿ ಇಳಿಯಲಿಲ್ಲ. ಆ ಸಾಹೇಬರು ಏನು ಕಲಿತಿರುತ್ತಾರೆ ಹೇಳಿ? ಮೂರನೇ ಸಲ ಕೇಳಿದರೆ ಆಗುತ್ತದೆ ಅಂತ ಕಲಿತಿರುತ್ತಾರೆ, ಅಲ್ವಾ? ಆ ಪೈಲಟ್ ಕೂಡ ಅದನ್ನೇ ಕಲಿತಿರುತ್ತಾನೆ.

ಈಗ ದೇಹದ ವಿಷಯಕ್ಕೆ ಬರುತ್ತೇನೆ. ಇದು ಮಕ್ಕಳಿಗೆ. ಚಿಕ್ಕಂದಿನಲ್ಲಿ ಕೈ ಚಾಚಿಕೊಂಡು ಗಿರಗಿರ ತಿರುಗಿ ತಟ್ಟನೆ ನಿಂತಿದ್ದೀರಲ್ವಾ? ನಿಂತ ಮೇಲೂ ಅಂಗಳ ತಿರುಗುತ್ತದೆ. ಕಿವಿಯ ಒಳಗೆ ಮೂರು ಸಣ್ಣ ಕೊಳವೆಗಳಿವೆ, ಅದರಲ್ಲಿ ನೀರಿನಂಥ ದ್ರವ. ನಾವು ತಿರುಗಿದಾಗ ಆ ದ್ರವ ತಡವಾಗಿ ಹೊರಡುತ್ತದೆ, ನಿಂತಾಗ ತಡವಾಗಿ ನಿಲ್ಲುತ್ತದೆ. ವಿಮಾನ ಬಹಳ ನಿಧಾನವಾಗಿ ಒಂದು ಕಡೆ ವಾಲಿದರೆ ಆ ದ್ರವಕ್ಕೆ ಗೊತ್ತೇ ಆಗುವುದಿಲ್ಲ. ನೆಲ, ಆಕಾಶ ಕಾಣುತ್ತಿದ್ದರೆ ಕಣ್ಣು ತಿದ್ದುತ್ತದೆ. ಮೋಡದೊಳಗೆ ಕಣ್ಣಿಗೆ ಕೆಲಸವಿಲ್ಲ. ನೆಟ್ಟಗೆ ಹೋಗುತ್ತಿದ್ದೇನೆ ಅಂದುಕೊಂಡೇ ಪೈಲಟ್ ತಿರುಗುತ್ತಾ ಇಳಿಯುತ್ತಿರುತ್ತಾನೆ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ ನೋಡಿದರು. ಮೀಟರ್ ನೋಡಿ ಹಾರುವ ತರಬೇತಿ ಇಲ್ಲದ ಇಪ್ಪತ್ತು ಜನರನ್ನು ತೆಗೆದುಕೊಂಡು, ಹೊರಗಿನದು ಏನೂ ಕಾಣದ ಹಾಗೆ ಮಾಡಿ ಹಾರಿಸಿದರು. ಇಪ್ಪತ್ತು ಜನವೂ ವಿಮಾನದ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡ್. ಮೂರು ನಿಮಿಷಕ್ಕೆ ಎರಡು ಸೆಕೆಂಡ್ ಕಡಿಮೆ. ಒಬ್ಬ ಇಪ್ಪತ್ತೇ ಸೆಕೆಂಡ್ ತಡೆದದ್ದು. ಪಕ್ಕದಲ್ಲಿ ಶಿಕ್ಷಕರು ಇದ್ದರು, ಹಾಗಾಗಿ ಬಚಾವ್.

ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ 1999ರ ಜುಲೈ 16ರ ರಾತ್ರಿ ತಾವೇ ಪೈಪರ್ ವಿಮಾನ ಹಾರಿಸಿಕೊಂಡು ಹೊರಟಿದ್ದರು. ಹೆಂಡತಿ, ಹೆಂಡತಿಯ ಅಕ್ಕ ಜೊತೆಗಿದ್ದರು. ಸಮುದ್ರದ ಮೇಲೆ ಮಬ್ಬು, ಕತ್ತಲು. ಮೀಟರ್ ಮೇಲಷ್ಟೇ ನಂಬಿ ಹಾರುವ ಪರವಾನಗಿ ಅವರಿಗೆ ಇನ್ನೂ ಸಿಕ್ಕಿರಲಿಲ್ಲ. ದ್ವೀಪದ ನಿಲ್ದಾಣಕ್ಕೆ ಇಳಿಯುತ್ತಾ ಬಂದವರು ದಿಕ್ಕು ತಪ್ಪಿ ನೀರಿಗೆ ಬಿದ್ದರು.

ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಸತ್ತದ್ದು 2020ರ ಜನವರಿ 26ರಂದು, ಹೆಲಿಕಾಪ್ಟರಿನಲ್ಲಿ. ಅಲ್ಲಿ ಪೈಲಟ್ ಅನುಭವಸ್ಥ. ಆದರೂ ಮೋಡದೊಳಗೆ ಸಿಕ್ಕಿದ ಮೇಲೆ ಏರುತ್ತಿದ್ದೇನೆ ಎಂದು ರೇಡಿಯೋದಲ್ಲಿ ಹೇಳಿದ. ಅದೇ ಹೊತ್ತಿನಲ್ಲಿ ಹೆಲಿಕಾಪ್ಟರ್ ಗುಡ್ಡದ ಕಡೆ ಇಳಿಯುತ್ತಿತ್ತು. ಅವನು ಸುಳ್ಳು ಹೇಳಲಿಲ್ಲ, ಕಿವಿಯ ದ್ರವ ಅವನಿಗೆ ಸುಳ್ಳು ಹೇಳಿತು. ಒಂಬತ್ತು ಜನ ಹೋದರು.

ನಮ್ಮವರಿಗೆ ಹತ್ತಿರದ್ದೊಂದು ಹೇಳುತ್ತೇನೆ. ಇದು ಖಾಸಗಿ ವಿಮಾನವಲ್ಲ, ಸೇನೆಯದು, ಆದರೂ ಹೇಳಬೇಕು. ಜನರಲ್ ಬಿಪಿನ್ ರಾವತ್ 2017ರ ನವೆಂಬರ್‌ನಲ್ಲಿ ಗೋಣಿಕೊಪ್ಪಕ್ಕೆ ಬಂದಿದ್ದರು. ಕಾರ್ಯಪ್ಪ, ತಿಮ್ಮಯ್ಯ ಇಬ್ಬರ ಪ್ರತಿಮೆಯನ್ನೂ ಅನಾವರಣ ಮಾಡಿದ್ದರು. ಇಲ್ಲಿ ಕೂತ ಕೆಲವರು ಅವತ್ತು ಪದಕ ಹಾಕಿಕೊಂಡು ಹೋಗಿದ್ದೀರಿ. ನಾಲ್ಕು ವರ್ಷದ ನಂತರ, 2021ರ ಡಿಸೆಂಬರ್ 8ರಂದು, ಸೂಲೂರಿನಿಂದ ವೆಲ್ಲಿಂಗ್ಟನ್‌ಗೆ ಹೊರಟ ಅವರ ಹೆಲಿಕಾಪ್ಟರ್ ಕೂನೂರಿನ ಹತ್ತಿರ ಬಿತ್ತು. ತಲುಪಲು ಕೆಲವೇ ನಿಮಿಷ ಉಳಿದಿತ್ತು. ಹದಿನಾಲ್ಕು ಜನ ತೀರಿಕೊಂಡರು. ಯಂತ್ರ ಕೆಟ್ಟಿರಲಿಲ್ಲ, ವಿಧ್ವಂಸಕ ಕೃತ್ಯವೂ ಅಲ್ಲ ಎಂದಿತು ತನಿಖೆ. ಕಣಿವೆಯಲ್ಲಿ ಹವಾಮಾನ ತಟ್ಟನೆ ಬದಲಾಗಿ, ಮೋಡದೊಳಗೆ ಹೋಗಿ, ದಿಕ್ಕಿನ ಅರಿವು ತಪ್ಪಿ, ಹಿಡಿತದಲ್ಲಿದ್ದ ಹೆಲಿಕಾಪ್ಟರೇ ನೆಲಕ್ಕೆ ಬಡಿಯಿತು. ನೀಲಗಿರಿ ಕಣಿವೆ ನಮ್ಮ ಕಣಿವೆಯ ಅಕ್ಕತಂಗಿ. ಕೇರಳದ ಕಡೆಯಿಂದ ತೇವದ ಗಾಳಿ ಗುಡ್ಡ ಹತ್ತುವಾಗ ಮೋಡ ಹುಟ್ಟುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ತಡಿಯಂಡಮೋಳು ಹತ್ತಿದವರನ್ನು ಕೇಳಿ. ಕೆಳಗೆ ಬಿಸಿಲಿರುತ್ತದೆ, ಬುತ್ತಿ ಬಿಚ್ಚುವಷ್ಟರಲ್ಲಿ ಪಕ್ಕದವರು ಕಾಣುವುದಿಲ್ಲ.

ಒಂದು ಚಿಕ್ಕ ವಿಷಯ ನಡುವೆ ಹೇಳಿಬಿಡುತ್ತೇನೆ, ಮೆಕ್ಯಾನಿಕ್‌ಗಳಿಗೆ ಇಷ್ಟವಾಗಬಹುದು. ಹಳೇ ಸಣ್ಣ ವಿಮಾನಗಳಲ್ಲಿ ಕಾರ್ಬೊರೇಟರ್ ಇರುತ್ತದೆ, ನಮ್ಮ ಹಳೇ ಜೀಪಿನ ಥರ. ಇಳಿಯುವಾಗ ಥ್ರಾಟಲ್ ಹಿಂದಕ್ಕೆ ಎಳೆಯುತ್ತಾರೆ. ಆಗ ಒಳಗೆ ಗಾಳಿ ಹಿಗ್ಗಿ, ಪೆಟ್ರೋಲ್ ಆವಿಯಾಗಿ ತಣ್ಣಗಾಗುತ್ತದೆ. ಹೊರಗೆ 20 ಡಿಗ್ರಿ ಇದ್ದರೂ ಗಾಳಿ ಒದ್ದೆಯಾಗಿದ್ದರೆ ಅಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಹೌದು, 20 ಡಿಗ್ರಿಯಲ್ಲಿ! ಬಿಸಿಗಾಳಿ ಕೊಡುವ ಹಿಡಿಕೆಯನ್ನು ಎಳೆಯಲು ಮರೆತರೆ, ಮತ್ತೆ ಏರಬೇಕು ಅಂದಾಗ ಎಂಜಿನ್ ಕೆಮ್ಮುತ್ತದೆ. ಮಡಿಕೇರಿಯ ಹವೆ ಇದಕ್ಕೆ ಹೇಳಿ ಮಾಡಿಸಿದ್ದು.

ಇತ್ತೀಚಿನದು ಎರಡು. 2023ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದಿಂದ ಬಂದ ಲಿಯರ್‌ಜೆಟ್ 45 ಮುಂಬೈಯಲ್ಲಿ ಜೋರು ಮಳೆಯಲ್ಲಿ ಇಳಿಯಲು ಹೋಗಿ ರನ್‌ವೇ ಬಿಟ್ಟು ಹೊರಳಿತು, ಮುರಿಯಿತು. ಕಾಣುತ್ತಿದ್ದದ್ದು 700 ಮೀಟರ್. ಒಳಗಿದ್ದ ಎಂಟೂ ಜನ ಬದುಕಿದರು. ದೊಡ್ಡ ನಿಲ್ದಾಣ, ರಕ್ಷಣೆಯವರು ಪಕ್ಕದಲ್ಲೇ ಇದ್ದರು.

ಇನ್ನೊಂದು 2025ರ ಮೇ 22, ಅಮೆರಿಕದ ಸ್ಯಾನ್ ಡಿಯಾಗೊ. ಬೆಳಗಿನ ಜಾವ ನಾಲ್ಕು ಗಂಟೆಗೆ ಮೊದಲು, ದಟ್ಟ ಮಂಜು. ಒಂದು ಸೆಸ್ನಾ ಸೈಟೇಶನ್ ಬಂತು. ಆ ಪುಟ್ಟ ನಿಲ್ದಾಣದ ಹವಾಮಾನ ಯಂತ್ರ ಕೆಟ್ಟಿತ್ತು. ಅದಕ್ಕೆ ಹತ್ತಿರದ ಇನ್ನೊಂದು ನಿಲ್ದಾಣದ ವರದಿಯನ್ನು ಕೇಳಿಕೊಂಡು ಇಳಿಯಲು ಹೊರಟರು. ರನ್‌ವೇಗೆ ದಾರಿ ತೋರಿಸುವ ದೀಪಗಳೂ ಕೆಟ್ಟಿದ್ದವು. ವಿಮಾನ ಕರೆಂಟ್ ತಂತಿಗೆ ತಗುಲಿ ಮನೆಗಳ ನಡುವೆ ಬಿತ್ತು. ಆರು ಜನ ತೀರಿಕೊಂಡರು. ಪಕ್ಕದ ಊರಿನ ಹವಾಮಾನ ಕೇಳಿಕೊಂಡು ಬರುವುದು ಅಂದರೆ ನಮ್ಮ ಲೆಕ್ಕದಲ್ಲಿ ಏನು? ಕುಶಾಲನಗರದಲ್ಲಿ ಬಿಸಿಲಿದೆ ಅಂತ ಫೋನಿನಲ್ಲಿ ಕೇಳಿ, ಮಡಿಕೇರಿಯಲ್ಲಿ ಬಟ್ಟೆ ಒಣಗಲು ಹಾಕಿದ ಹಾಗೆ.

ನನಗೆ ಸ್ವಲ್ಪ ಕಷ್ಟವಾಗುವ ಒಂದು ಮಾತಿದೆ. ಇವತ್ತು ಬರುವಾಗ ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರತಿಮೆ ದಾಟಿಯೇ ಬಂದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಗೆ ಹೋಗಿ, ತಮ್ಮ ವಿಮಾನಕ್ಕಿಂತ ವೇಗದ ವಿಮಾನವನ್ನು ಎದುರಿಸಿ, ವಾಪಸ್ ಬರಲಿಲ್ಲ. 1988ರಲ್ಲಿ ಮಹಾವೀರ ಚಕ್ರ ಕೊಟ್ಟರು. ನಾವು ಬೆಳೆದದ್ದು ಇಂಥ ಕಥೆ ಕೇಳಿ. ಹಿಂದೆ ತಿರುಗುವುದು ನಮಗೆ ಅವಮಾನ. ಬೇಟೆಯ ಕಥೆಯಲ್ಲೂ ಅದೇ, ಹಾಕಿ ಮೈದಾನದಲ್ಲೂ ಅದೇ. ಆದರೆ ದೇವಯ್ಯನವರ ಮುಂದೆ ಇದ್ದದ್ದು ಯುದ್ಧ. ನಾಮಕರಣಕ್ಕೆ ತಡವಾಯಿತು ಅನ್ನುವವರ ಮುಂದೆ ಇರುವುದು ಪಾಯಸ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅವರಿಗೆ ಮಾಡುವ ಅವಮಾನ ಎಂದು ನನಗೆ ಅನಿಸುತ್ತದೆ.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಎದ್ದು ಕೇಳಿದ: "ಸಾರ್, ಈಗ ಎಲ್ಲ ಆಟೋಪೈಲಟ್ ಅಲ್ವಾ?"

ಒಳ್ಳೆಯ ಪ್ರಶ್ನೆ. ಆಟೋಪೈಲಟ್ ನೆಟ್ಟಗೆ ಹಾರಿಸುತ್ತದೆ, ಇಳಿಜಾರಿನಲ್ಲಿ ಇಳಿಸುತ್ತದೆ. ಪೈಲಟ್ಟಿಗೇ ಏನಾದರೂ ಆದರೆ ಒಂದು ಗುಂಡಿ ಒತ್ತಿ ಪೂರ್ತಿ ಇಳಿಸುವ ವ್ಯವಸ್ಥೆಗೂ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲೂ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಗಗನ್ ಮಾಡಿದ್ದಾರೆ. ಉಪಗ್ರಹದಿಂದಲೇ ಇಳಿಜಾರು ತೋರಿಸುತ್ತದೆ, ನೆಲದಲ್ಲಿ ಐಎಲ್‌ಎಸ್ ಬೇಕಿಲ್ಲ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಒಂದು ಎಟಿಆರ್ ವಿಮಾನ ಅದನ್ನು ಬಳಸಿ ಇಳಿಯಿತು. ಸಣ್ಣ ಊರುಗಳಿಗೆ ಇದು ದೊಡ್ಡ ಉಪಕಾರ. ಆದರೆ ಗಗನ್ ಇದ್ದರೂ ಕೊನೆಗೆ ಒಂದು ಅಂಕಿ ಇದ್ದೇ ಇರುತ್ತದೆ. ಅಲ್ಲಿಂದ ಮೇಲೆ ಹೋಗೋಣ ಎಂದು ಹೇಳುವ ಕೆಲಸ ಇನ್ನೂ ಮನುಷ್ಯನದೇ.

ಹಿಂದಿನ ಸಾಲಿನಿಂದ ಒಬ್ಬರು ಹಿರಿಯರು ಕೇಳಿದರು: "ಅದೆಲ್ಲ ಇರಲಿ. ಕೂಡಿಗೆಯಲ್ಲಿ ವಿಮಾನ ಇಳಿಯಬಹುದಾ, ಬಾರದಾ? ಅದು ಹೇಳಿ."

ಕೂಡಿಗೆ ಕಡೆ ಮಳೆ ಭಾಗಮಂಡಲಕ್ಕಿಂತ ಎಷ್ಟೋ ಕಡಿಮೆ. ಮಂಜೂ ಮಡಿಕೇರಿಯಷ್ಟು ಕೂರುವುದಿಲ್ಲ. ಜಾಗ ಕೆಟ್ಟದಲ್ಲ. ಆದರೆ ವರ್ಷದಲ್ಲಿ ಎಷ್ಟು ಬೆಳಗ್ಗೆ ಇಳಿಯಬಹುದು ಅಂತ ಊಹೆಯ ಮೇಲೆ ಹೇಳಲು ನಾನು ತಯಾರಿಲ್ಲ. ಅವರಿಗೆ ನಾನು ಬೇರೊಂದು ಕೇಳಿದೆ. ನಿಮ್ಮ ತೋಟದಲ್ಲಿ ಮಳೆ ಪುಸ್ತಕ ಇದೆಯಲ್ವಾ? "ಇದೆ, ಅಜ್ಜನ ಕಾಲದಿಂದ" ಅಂದರು. ಇಂಚು, ಸೆಂಟು ಲೆಕ್ಕದಲ್ಲಿ ದಿನಾ ಬರೆಯುತ್ತಾರೆ. ನೂರು ಸೆಂಟು ಅಂದರೆ ಒಂದು ಇಂಚು. ಹೂಮಳೆ ಒಂದು ಇಂಚು ಇಪ್ಪತ್ತು ಸೆಂಟು ಬಿತ್ತು ಅಂದರೆ ಅದು ಯಾವ ವರ್ಷ, ಯಾವ ತಾರೀಕು ಅಂತ ಹೇಳಬಲ್ಲರು. ಆ ಪುಸ್ತಕದಲ್ಲಿ ಇನ್ನೊಂದು ಕಾಲಂ ಹಾಕಿ ಅಂದೆ. ಬೆಳಿಗ್ಗೆ ಏಳು ಗಂಟೆಗೆ ಒಂದು, ಸಂಜೆ ಐದಕ್ಕೆ ಒಂದು. ನಿಮ್ಮ ಕಣದಲ್ಲಿ ನಿಂತು ಎದುರಿನ ಬೆಟ್ಟ ಕಾಣುತ್ತಾ, ಅರ್ಧ ಕಾಣುತ್ತಾ, ಇಲ್ಲವಾ. ಅಷ್ಟೇ. ಕುಶಾಲನಗರದಿಂದ ಸಿದ್ದಾಪುರದವರೆಗೆ ಒಂದಿಪ್ಪತ್ತು ತೋಟದವರು ಎರಡು ಮಳೆಗಾಲ ಬರೆದರೆ ಸಾಕು, ನಾನೇ ಕೂತು ಲೆಕ್ಕ ಹಾಕಿ ಕೊಡುತ್ತೇನೆ.

ಅವರು ಸ್ವಲ್ಪ ಯೋಚನೆ ಮಾಡಿ, "ಸೊಸೆಗೆ ಹೇಳ್ತೇನೆ. ನಾನು ಏಳು ಗಂಟೆಗೆ ಏಳುವುದಿಲ್ಲ" ಅಂದರು.